ಮ್ಯೂಸಿಯಂ ಡೈರೆಕ್ಟರ್ ಆಗಬೇಕಾ? ಮೊದಲು ರಿಜಿಸ್ಟರ್ ಬರೆಯಿರಿ

ನಿಮ್ಮ ಪ್ರಶ್ನೆ ಇಷ್ಟು: ಊರು ಕುಂಬಳೆ ಹತ್ತಿರ, ಬಿ.ಎ. ಎರಡನೇ ವರ್ಷ, ಹಿಸ್ಟರಿ. ಮುಂದೆ ಆರ್ಟ್ ಮ್ಯೂಸಿಯಂ ಡೈರೆಕ್ಟರ್ ಆಗುವ ಆಸೆ. ಯಾವ ಕೋರ್ಸ್ ಮಾಡಬೇಕು, ಕಾಸರಗೋಡಿನ ಕನ್ನಡ ಮೀಡಿಯಂನವರಿಗೆ ಇದೆಲ್ಲ ಆಗುವ ಮಾತಾ, ಮನೆಯಲ್ಲಿ ಬಿ.ಎಡ್. ಮಾಡು ಅನ್ನುತ್ತಿದ್ದಾರೆ, ಏನು ಮಾಡಲಿ?

ನಾನು ಪೆರ್ಲದ ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಪ್ಪತ್ತಾರು ವರ್ಷ ಎರಡು ಮ್ಯೂಸಿಯಂಗಳಲ್ಲಿ ದುಡಿದೆ. ಅದರಲ್ಲಿ ಡೈರೆಕ್ಟರ್ ಕುರ್ಚಿಯಲ್ಲಿ ಕೂತದ್ದು ಒಂದೂವರೆ ವರ್ಷ, ಅದೂ 'ಇನ್‌ಚಾರ್ಜ್' ಆಗಿ. ಹಾಗಾಗಿ ಕುರ್ಚಿಯ ಬಗ್ಗೆ ಸ್ವಲ್ಪ ಗೊತ್ತು. ಅದರ ಪಕ್ಕದಲ್ಲಿ ಫೈಲ್ ಹಿಡಿದು ನಿಲ್ಲುವುದರ ಬಗ್ಗೆ ಜಾಸ್ತಿ ಗೊತ್ತು.

ಕೋರ್ಸಿನ ವಿಷಯ ಬೇಗ ಮುಗಿಸುತ್ತೇನೆ. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ 1952ರಿಂದ ಮ್ಯೂಸಿಯಾಲಜಿ, ಅಂದರೆ ಮ್ಯೂಸಿಯಂ ನಡೆಸುವ ವಿದ್ಯೆಯ ವಿಭಾಗ ಉಂಟು, ದೇಶದಲ್ಲೇ ಮೊದಲನೆಯದು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲೂ ಉಂಟು. 1989ರಲ್ಲಿ ಡೆಲ್ಲಿಯಲ್ಲಿ ಶುರುವಾದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಈಗ ನೋಯ್ಡಾದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಗಿದೆ. ಕಲಾ ಇತಿಹಾಸ, ಕನ್ಸರ್ವೇಶನ್ (ಹಳೆಯ ವಸ್ತು ಕೆಡದಂತೆ ಉಳಿಸುವ ವಿದ್ಯೆ), ಮ್ಯೂಸಿಯಾಲಜಿ ಮೂರೂ ಅಲ್ಲಿ ಕಲಿಯಲು ಸಿಗುವ ವಿಷಯಗಳು. ನನ್ನನ್ನು ಕೇಳಿದರೆ ಕಲಾ ಇತಿಹಾಸ ಓದಿ, ಮ್ಯೂಸಿಯಾಲಜಿಯನ್ನು ಕೆಲಸದಲ್ಲಿ ಕಲಿಯಿರಿ. ಇದನ್ನು ಉಲ್ಟಾ ಹೇಳುವವರೂ ಇದ್ದಾರೆ.

ಆದರೆ ಯಾವ ಕೋರ್ಸೂ ನಿಮ್ಮನ್ನು ಡೈರೆಕ್ಟರ್ ಮಾಡುವುದಿಲ್ಲ. ಆ ಕುರ್ಚಿಗೆ ಬಂದವರನ್ನೇ ನೋಡಿ. ಡೆಲ್ಲಿಯ ನ್ಯಾಷನಲ್ ಮ್ಯೂಸಿಯಂನ ಮೊದಲ ಡೈರೆಕ್ಟರ್ ಗ್ರೇಸ್ ಮಾರ್ಲಿ ಎಂಬ ಅಮೆರಿಕದ ಹೆಂಗಸು. ಸ್ಯಾನ್ ಫ್ರಾನ್ಸಿಸ್ಕೋದ ಆರ್ಟ್ ಮ್ಯೂಸಿಯಂ 1935ರಲ್ಲಿ ಶುರುವಾದಾಗ ಅದನ್ನು ಕಟ್ಟಿ ಬೆಳೆಸಿದವರು, 1960ರಲ್ಲಿ ಇಲ್ಲಿಗೆ ಬಂದರು. ಆಮೇಲೆ ಅದೇ ಜಾಗಕ್ಕೆ ಬಂದ ಸಿ. ಶಿವರಾಮಮೂರ್ತಿ ಮದ್ರಾಸ್ ಮ್ಯೂಸಿಯಂನಲ್ಲಿ ಕ್ಯುರೇಟರ್, ಅಂದರೆ ಸಂಗ್ರಹ ನೋಡಿಕೊಳ್ಳುವವರು, ಆಗಿದ್ದ ಸಂಸ್ಕೃತ ವಿದ್ವಾಂಸರು. ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್ ನಡೆಸಿದ ರಾಜೀವ್ ಲೋಚನ್ ಚಿತ್ರ ಬಿಡಿಸುವವರು, ಅದ್ವೈತ ಗಡನಾಯಕ್ ಶಿಲ್ಪಿ. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ 2023ರಲ್ಲಿ ಬಾಗಿಲು ತೆರೆದಾಗ ಡೈರೆಕ್ಟರ್ ಆಗಿದ್ದ ಕಾಮಿನಿ ಸಾಹ್ನಿ ಮೊದಲು ಟಿವಿ ಪತ್ರಕರ್ತೆ. ಸರ್ಕಾರಿ ಮ್ಯೂಸಿಯಂಗಳಲ್ಲಂತೂ ಎಷ್ಟೋ ಸಲ ಐಎಎಸ್ ಅಧಿಕಾರಿಗಳಿಗೇ ಹೆಚ್ಚುವರಿ ಹೊಣೆ ಕೊಟ್ಟುಬಿಡುತ್ತಾರೆ. ಇದರಲ್ಲಿ ದಾರಿ ಎಲ್ಲಿ ಉಂಟು ಹೇಳಿ ಮಾರಾಯ್ರೆ. ಎಷ್ಟು ವರ್ಷ ಹಿಡಿಯುತ್ತದೆ ಅಂತ ಲೆಕ್ಕ ಹಾಕುವುದಕ್ಕೂ ಆಗುವುದಿಲ್ಲ.

ಹಾಗಾದರೆ ಡೈರೆಕ್ಟರ್ ಏನು ಮಾಡುತ್ತಾರೆ? ಚಿತ್ರದ ಮುಂದೆ ಕೈಕಟ್ಟಿ ನಿಂತು ಯೋಚಿಸುತ್ತಾರೆ ಅಂತ ನಾನೂ ತಿಳಿದಿದ್ದೆ.

ನಾನು ಕೆಲಸಕ್ಕೆ ಸೇರಿದ ಎರಡನೇ ಮಳೆಗಾಲ. ರಾತ್ರಿ ಹನ್ನೊಂದೂವರೆಗೆ ವಾಚ್‌ಮನ್ ಫೋನ್. ಟೆರೇಸಿನ ಪೈಪಿಗೆ ಎಲೆ ಕಟ್ಟಿಕೊಂಡು ನೀರು ನಿಂತು ಸ್ಟೋರ್ ರೂಮಿನ ಗೋಡೆಯಲ್ಲಿ ಇಳಿಯುತ್ತಿತ್ತು. ಹಿಂದಿನ ತಿಂಗಳಷ್ಟೇ ರಿಪೇರಿಯ ಬಿಲ್ ಪಾಸಾಗಿತ್ತು. ಅದು ಬೇರೆ ಕಥೆ. ನಾನು ಓಡಿಹೋದಾಗ ನಮ್ಮ ಡೈರೆಕ್ಟರ್ ಲುಂಗಿಯಲ್ಲೇ ಬಂದು ಟಾರ್ಚ್ ಹಿಡಿದು ನಿಂತಿದ್ದರು. ಚಿತ್ರ ನೆನೆಯಿತಾ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ರಿಜಿಸ್ಟರ್ ಎಲ್ಲಿ?"

ಅಕ್ಸೆಷನ್ ರಿಜಿಸ್ಟರ್ ಅಂದರೆ ಮ್ಯೂಸಿಯಂಗೆ ಬಂದ ಪ್ರತಿ ವಸ್ತುವಿನ ಜಾತಕ. ನಂಬರ್, ಏನು, ಯಾವುದರಿಂದ ಮಾಡಿದ್ದು, ಅಳತೆ, ಯಾರು ಕೊಟ್ಟರು, ಯಾವಾಗ, ಕೊಟ್ಟಾಗ ಹೇಗಿತ್ತು. ಒಂದು ಚಿತ್ರ ನೆನೆದರೆ ಕನ್ಸರ್ವೇಟರ್ ಒಣಗಿಸಿ ಸರಿ ಮಾಡಲು ನೋಡಬಹುದು. ರಿಜಿಸ್ಟರ್ ನೆನೆದರೆ ನಮ್ಮಲ್ಲಿ ಏನಿತ್ತು ಅನ್ನುವುದೇ ಗೊತ್ತಾಗುವುದಿಲ್ಲ. ಆಗ ನನಗೆ ಅದು ಗುಮಾಸ್ತನ ಮಾತು ಅನ್ನಿಸಿತ್ತು. 2023ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸುದ್ದಿ ಓದಿದಾಗ ಅವರ ನೆನಪಾಯಿತು. ಅಲ್ಲಿನ ಸ್ಟೋರಿನಿಂದ ಸುಮಾರು 2000 ವಸ್ತುಗಳು ಕಳುವಾಗಿದ್ದವು ಅಥವಾ ಹಾಳಾಗಿದ್ದವು. ಹೆಚ್ಚಿನವು ಸಣ್ಣ ಹರಳು, ಆಭರಣದ ಚೂರುಗಳು. ಎಷ್ಟೋ ವಸ್ತುಗಳ ಸರಿಯಾದ ದಾಖಲೆಯೇ ಇರಲಿಲ್ಲ. ಡೈರೆಕ್ಟರ್ ಹಾರ್ಟ್‌ವಿಗ್ ಫಿಶರ್ ರಾಜೀನಾಮೆ ಕೊಟ್ಟರು. ಕದ್ದವರು ಅವರಲ್ಲ. ಆದರೆ ಉತ್ತರ ಹೇಳಬೇಕಾದವರು ಅವರು.

ಇನ್ನೊಂದು ಯುದ್ಧ ಕರೆಂಟ್ ಬಿಲ್ಲಿನದು. ಗಾಳಿಯಲ್ಲಿ ತೇವ 65 ಶೇಕಡಾ ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯುವ ಭಯ. ನಮ್ಮ ಕರಾವಳಿಯಲ್ಲಿ ಜುಲೈಯಲ್ಲಿ ಅದು ಎಂಬತ್ತರ ಮೇಲೆಯೇ ಇರುತ್ತದೆ. ಆಫೀಸಿನವರು ಸಂಜೆ ಐದಕ್ಕೆ ಎ.ಸಿ. ಆಫ್ ಮಾಡಿ ಹೋಗುತ್ತಾರೆ. ಉಳಿತಾಯ! ಹಗಲು ಒಣಗಿ ರಾತ್ರಿ ತೇವ ಕುಡಿದರೆ ಕ್ಯಾನ್ವಾಸ್ ಹಿಗ್ಗಿ ಕುಗ್ಗಿ ಬಣ್ಣ ಬಿರುಕು ಬಿಡುತ್ತದೆ. ಅದಕ್ಕಿಂತ ಎ.ಸಿ. ಇಲ್ಲದೆ ಕಿಟಕಿಯಲ್ಲಿ ಗಾಳಿ ಆಡಿದ್ದೇ ವಾಸಿ. ಇದನ್ನು ಅಕೌಂಟ್ಸ್‌ನವರಿಗೆ ಒಪ್ಪಿಸಲು ನನಗೆ ಏಳು ತಿಂಗಳು ಬೇಕಾಯಿತು. ಕೊನೆಗೆ ಒಪ್ಪಿದ್ದು ಅಡಿಕೆ ಕೃಷಿಯ ಮನೆಯವರೊಬ್ಬರು. ಅರ್ಧ ಒಣಗಿದ ಅಡಿಕೆಯನ್ನು ರಾತ್ರಿ ಮಂಜಿಗೆ ಬಿಡುತ್ತೀರಾ ಅಂತ ಕೇಳಿದೆ, ಅಷ್ಟೇ. ಮಳೆಗಾಲದಲ್ಲಿ ವಸ್ತು ಉಳಿಸುವುದು ನಮ್ಮವರಿಗೆ ಹೊಸದೇನಲ್ಲವಲ್ಲ. ನಮ್ಮ ಮನೆಯ ತಾಳೆಗರಿ ಕಟ್ಟು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕಪ್ಪಾಗಿತ್ತು, ಆದರೆ ಒಂದು ಹುಳ ಮುಟ್ಟಿರಲಿಲ್ಲ.

ಬೆಳಕಿನದೂ ಇದೇ ಪಾಡು. ಜಲವರ್ಣ, ಬಟ್ಟೆ, ಕಾಗದಕ್ಕೆ 50 ಲಕ್ಸ್‌ಗಿಂತ (ಬೆಳಕಿನ ಅಳತೆ ಅದು) ಜಾಸ್ತಿ ಬೆಳಕು ಬಿಡಬಾರದು. ನಮ್ಮ ಚಾವಡಿಗಳಲ್ಲಿ ತೂಗುವ ರವಿವರ್ಮನ ಅಚ್ಚಿನ ಲಕ್ಷ್ಮಿ ಯಾಕೆ ನೀಲಿಗಟ್ಟಿದ್ದಾಳೆ ಅಂದರೆ ಬಿಸಿಲು. ನೋಡಲು ಬಂದವರು ಮಾತ್ರ "ಕರೆಂಟ್ ಇಲ್ವಾ?" ಅಂತ ಕೇಳಿಯೇ ಹೋಗುತ್ತಾರೆ.

ಇನ್‌ಚಾರ್ಜ್ ಆಗಿದ್ದಾಗ ಅತಿ ಕಷ್ಟದ ಕೆಲಸ ಯಾವುದು ಅಂದರೆ ಬೇಡ ಅನ್ನುವುದು. ಒಂದು ದಿನ ಒಬ್ಬರು ಗೋಣಿಯಲ್ಲಿ ಸುತ್ತಿ ಪಂಜುರ್ಲಿ ಭೂತದ ಹಿತ್ತಾಳೆ ಮೊಗ, ಅಂದರೆ ಮುಖವಾಡ, ತಂದರು. ತುಂಬ ಹಳೆಯದು, ಕಿವಿಯ ಕೆಲಸ ನೋಡಿದರೆ ಕಣ್ಣು ತೆಗೆಯಲು ಮನಸ್ಸು ಬರುವುದಿಲ್ಲ. ತರವಾಡು ಮನೆ (ಕುಟುಂಬದ ಮೂಲಮನೆ) ಪಾಲಾಗಿದೆ, ಈಗ ಭೂತದ ನೇಮ ನಡೆಸುವವರಿಲ್ಲ, ಮ್ಯೂಸಿಯಂ ಇಟ್ಟುಕೊಳ್ಳಲಿ, ಏನಾದರೂ ಕೊಡಿ ಅಂದರು. ನನ್ನ ಕ್ಯುರೇಟರಿಗೆ ಬಾಯಲ್ಲಿ ನೀರು. ನನಗೂ. ನೂರು ವರ್ಷ ದಾಟಿದ ಲೋಹದ ಮೂರ್ತಿಗೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೋಂದಣಿ ಆಗಿರಬೇಕು. ಅದು ಆಗಿರಲಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ, ಅದು ಅವರೊಬ್ಬರದ್ದಾ? ಕುಟುಂಬದ ಎಲ್ಲರ ಸಹಿ ತನ್ನಿ ಅಂದೆ. ಸಿಟ್ಟಾಗಿ ಹೋದರು. ಎರಡು ತಿಂಗಳ ಮೇಲೆ ಅವರ ಚಿಕ್ಕಮ್ಮನ ಮಗನೊಬ್ಬ ಬಂದ. ಮೊಗವನ್ನು ನೀವು ಕೊಂಡುಕೊಂಡಿದ್ದೀರಾ ಅಂತ ನನ್ನ ಮೇಜು ಬಡಿದ. ರಿಜಿಸ್ಟರ್ ತೆರೆದು ತೋರಿಸಿದೆ, ಮೊಗ ಅದರಲ್ಲಿ ಇರಲಿಲ್ಲ. ಮೊಗ ಈಗ ಎಲ್ಲಿದೆಯೋ. ಬೇಡ ಅಂದದ್ದು ಸರಿಯಾ ಅಂತ ಇವತ್ತಿಗೂ ರಾತ್ರಿ ಯೋಚನೆ ಬರುವುದುಂಟು.

ಎಲ್ಲದಕ್ಕೂ ಬೇಡ ಅನ್ನಲು ಆಗಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ದುಡ್ಡು ತರುವುದು ಡೈರೆಕ್ಟರನ ಅರ್ಧ ಕೆಲಸ. ದೊಡ್ಡ ಮೊತ್ತ ಕೊಡುತ್ತಿದ್ದವರೊಬ್ಬರಿಗೆ ತಮ್ಮ ಸೊಸೆಯ ಚಿತ್ರಗಳ ಪ್ರದರ್ಶನ ಬೇಕಿತ್ತು. ಮೇನ್ ಗ್ಯಾಲರಿ ಕೊಡಲಿಲ್ಲ, ಕಾರಿಡಾರ್ ಕೊಟ್ಟೆ. ಹದಿನೈದು ದಿನ. ಎಲ್ಲ ನವಿಲು. ಆ ದುಡ್ಡಿನಲ್ಲಿ ಟೆರೇಸ್ ಸರಿಯಾಯಿತು.

ಇನ್ನು ಕಾಸರಗೋಡು, ಕನ್ನಡ ಮೀಡಿಯಂ. ಇಂಗ್ಲಿಷ್ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಗ್ರಾಂಟಿನ ಅರ್ಜಿ, ಇನ್ಶೂರೆನ್ಸ್, ಬೇರೆ ಮ್ಯೂಸಿಯಂನಿಂದ ವಸ್ತು ಎರವಲು ತರುವ ಒಪ್ಪಂದ ಎಲ್ಲ ಅದರಲ್ಲೇ. ನಾನು ಇಪ್ಪತ್ತೈದರ ಮೇಲೆ ಕಲಿತೆ. ಆದರೆ ನಿಮ್ಮ ಕೈಯಲ್ಲಿರುವುದು ಬೇರೆಯವರಿಗಿಲ್ಲ. ನಾನು ಸೇರಿದ ಮ್ಯೂಸಿಯಂನಲ್ಲಿ ತುಳುವರ ಭೂತದ ಅಣಿಗೂ ಮಲಯಾಳಿಗಳ ತೆಯ್ಯದ ಮುಡಿಗೂ 'ಕಿರೀಟ' ಅಂತಲೇ ಲೇಬಲ್ ಇತ್ತು. ಅಣಿ ಬೆನ್ನಿಗೆ ಕಟ್ಟುವುದು, ಮುಡಿ ತಲೆಗೆ ಏರುವುದು. ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಅಲ್ವಾ? ದೊಡ್ಡ ಡಿಗ್ರಿಯವರು ಹತ್ತು ವರ್ಷ ಅದನ್ನು ಗಮನಿಸಿರಲಿಲ್ಲ. ತುಳು, ಮಲಯಾಳ, ಕನ್ನಡ ಮೂರೂ ಕಿವಿಯಲ್ಲಿರುವ ಕ್ಯುರೇಟರ್ ಸುಮ್ನೆ ಸಿಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಆರ್ಟ್ ಮ್ಯೂಸಿಯಂ ಇಲ್ಲ, ನಿಜ. ಕಾಞಂಗಾಡಿನಲ್ಲಿ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಉಂಟು, ಬಸ್ಸಿನಲ್ಲಿ ಹೋಗಿಬನ್ನಿ. ಗೋಡೆಗೆ ಹೇಗೆ ತೂಗಿದ್ದಾರೆ, ಬೆಳಕು ಎಲ್ಲಿಂದ ಬರುತ್ತದೆ ನೋಡಿ. ನಿಮ್ಮ ಊರಿನ ಹತ್ತಿರದ ಅನಂತಪುರ ದೇವಸ್ಥಾನಕ್ಕೆ ಹೇಗೂ ಹೋಗಿರುತ್ತೀರಿ. ಅಲ್ಲಿನ ಮೂಲ ಬಿಂಬ ಕಲ್ಲಲ್ಲ, ಲೋಹವಲ್ಲ, ಮಣ್ಣು, ಅಂಟು, ಮೂಲಿಕೆ ಎಲ್ಲ ಬೆರೆಸಿ ಮಾಡುವ ಕಡುಶರ್ಕರ ಪಾಕದ್ದು. ಅಂಥದ್ದು ನಿಮ್ಮ ಸ್ಟೋರಿಗೆ ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾ? ಇಂಥ ಪ್ರಶ್ನೆ ತಲೆಯಲ್ಲಿ ಹುಳ ಬಿಟ್ಟರೆ ನೀವು ಈ ಕೆಲಸಕ್ಕೆ ಆಗುತ್ತೀರಿ.

ಬಿ.ಎಡ್. ಬಗ್ಗೆ ಮನೆಯವರ ಜೊತೆ ಜಗಳ ಬೇಡ. ಮ್ಯೂಸಿಯಂಗಳಲ್ಲಿ ಶಾಲೆ ಮಕ್ಕಳಿಗೆ ಹೇಳಿಕೊಡುವ ವಿಭಾಗ ಇರುತ್ತದೆ, ಅಲ್ಲಿ ಅದು ವ್ಯರ್ಥ ಆಗುವುದಿಲ್ಲ. ಸಂಬಳ ಮಾತ್ರ ಶುರುವಿನ ವರ್ಷಗಳಲ್ಲಿ ಟೀಚರ್ ಆದ ನಿಮ್ಮ ಕ್ಲಾಸ್‌ಮೇಟಿಗಿಂತ ಕಡಿಮೆ ಇರಬಹುದು. ಇದನ್ನು ಅಪ್ಪ ಅಮ್ಮನಿಗೆ ಈಗಲೇ ಹೇಳಿಡಿ.

ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯ ಅಟ್ಟ ಹತ್ತಿ. ಹಳೆಯ ಇಪ್ಪತ್ತು ವಸ್ತು ಇಳಿಸಿ. ಒಂದೊಂದಕ್ಕೂ ನಂಬರ್ ಕೊಡಿ, ವಸ್ತುವಿನ ಮೇಲೆ ಪೆನ್ನಿನಲ್ಲಿ ಬರೆಯಬೇಡಿ, ಚೀಟಿಯನ್ನು ನೂಲಿನಲ್ಲಿ ಕಟ್ಟಿ. ಎಲ್ಲಿ ಬಿರುಕು, ಎಲ್ಲಿ ತುಕ್ಕು ಬರೆಯಿರಿ. ಅಜ್ಜಿ ಇದ್ದರೆ ಯಾರು ತಂದದ್ದು ಅಂತ ಕೇಳಿ. ಹದಿನಾಲ್ಕನೇ ವಸ್ತುವಿಗೆ ಬರುವಾಗ ಬೋರ್ ಹೊಡೆಯಿತಾ, ಇಲ್ಲ ಇಪ್ಪತ್ತೊಂದನೆಯದನ್ನು ಹುಡುಕಿದಿರಾ ಅಂತ ಇಲ್ಲಿಯೇ ಬಂದು ಬರೆಯಿರಿ. ಅಳತೆ ಸೆಂಟಿಮೀಟರ್‌ನಲ್ಲಿ ಇರಲಿ, ಇಂಚು ಬೇಡ.