ವಯಸ್ಸಾದ ಅಪ್ಪ-ಅಮ್ಮನ ಜೊತೆ ಸ್ಕಾಟ್ಲೆಂಡಿನ ಕಡಲ ದಂಡೆಯಲ್ಲಿ ಒಂದು ವಾರ: ಕಾಟೇಜ್ ಎಲ್ಲಿ ಹಿಡಿಯಬೇಕು?

ನಮಸ್ಕಾರ. ನೀವು ಕೇಳಿದ್ದು ಇಷ್ಟು. ಮೇ ತಿಂಗಳ ಸ್ಕೂಲ್ ರಜೆಯಲ್ಲಿ ಮೈಸೂರಿನಿಂದ ಎಡಿನ್‌ಬರಾಕ್ಕೆ ಬರುತ್ತೀರಿ. ಜೊತೆಗೆ ಎಪ್ಪತ್ತು ದಾಟಿದ ಅಪ್ಪ-ಅಮ್ಮ, ಏಳು ವರ್ಷದ ಮಗಳು. ಅಮ್ಮನಿಗೆ ಮಂಡಿನೋವು. ಒಂದು ವಾರ ಸಮುದ್ರದ ಪಕ್ಕ ಮನೆ ಹಿಡಿದು ಇರಬೇಕು. ಉತ್ತರದ ತುದಿಯ ಎನ್‌ಸಿ 500 ರಸ್ತೆ ಸುತ್ತುವುದಾ, ಇಲ್ಲ ಒಂದೇ ಕಡೆ ಇರುವುದಾ ಅಂತ ಗೊಂದಲ.

ಒಂದೇ ಕಡೆ ಇರಿ. ಎಡಿನ್‌ಬರಾದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ನನ್ನ ಅಪ್ಪ-ಅಮ್ಮ ಬಂದಾಗಲೂ ಹೀಗೇ ಮಾಡಿದ್ದೇನೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಎನ್‌ಸಿ 500 ಅಂದರೆ ಇನ್ವರ್ನೆಸ್‌ನಲ್ಲಿ ಶುರುವಾಗಿ ಅಲ್ಲೇ ಮುಗಿಯುವ 516 ಮೈಲಿ, ಅಂದರೆ ಸುಮಾರು 830 ಕಿಲೋಮೀಟರ್ ದಾರಿ. ಎಡಿನ್‌ಬರಾದಿಂದ ಇನ್ವರ್ನೆಸ್ ಮುಟ್ಟುವುದಕ್ಕೇ ಮೂರು ಗಂಟೆ ಮೇಲೆ ಬೇಕು. ಆಮೇಲೆ ಎಷ್ಟೋ ಕಡೆ ಒಂದೇ ಗಾಡಿ ಹೋಗುವಷ್ಟು ರಸ್ತೆ. ಎದುರಿಗೆ ಯಾರಾದರೂ ಬಂದರೆ ಅಲ್ಲಲ್ಲಿ ಬಿಟ್ಟಿರುವ ಜಾಗದಲ್ಲಿ ಸರಿದು ನಿಲ್ಲಬೇಕು. ಆ ಕಡೆಯ ಊರುಗಳು ನನಗೆ ತುಂಬಾ ಇಷ್ಟ. ಆದರೆ ದಿನಾ ಪೆಟ್ಟಿಗೆ ಬಿಚ್ಚಿ, ದಿನಾ ಕಟ್ಟಿ, ಅಮ್ಮನನ್ನು ಹಿಂದಿನ ಸೀಟಿನಲ್ಲಿ ಗಂಟೆಗಟ್ಟಲೆ ಕೂರಿಸಿದರೆ ಅವರಿಗೆ ನೆನಪಿರುವುದು ಕಾರಿನ ಕಿಟಕಿ ಮಾತ್ರ.

ನಿಮಗೆ ನಾನು ಹೇಳುವ ಜಾಗ ಫೈಫ್ ಅನ್ನುವ ಪ್ರಾಂತ್ಯದ ಈಸ್ಟ್ ನ್ಯೂಕ್. ನ್ಯೂಕ್ ಅಂದರೆ ಇಲ್ಲಿಯ ಸ್ಕಾಟ್ಸ್ ಮಾತಿನಲ್ಲಿ ಮೂಲೆ. ಈಲಿ, ಸೇಂಟ್ ಮೊನನ್ಸ್, ಪಿಟನ್‌ವೀಮ್, ಆನ್‌ಸ್ಟ್ರದರ್, ಕ್ರೇಲ್ ಅಂತ ಐದು ಮೀನುಗಾರರ ಊರುಗಳು ಕಡಲಿಗೆ ಅಂಟಿಕೊಂಡು ಸಾಲಾಗಿ ಇವೆ. ಮೊದಲನೆಯದರಿಂದ ಕೊನೆಯದಕ್ಕೆ ಸುಮಾರು 16 ಕಿಲೋಮೀಟರ್, ಅಷ್ಟೇ. ಎಡಿನ್‌ಬರಾದಿಂದ ಕಾರಿನಲ್ಲಿ ಒಂದೂವರೆ ಗಂಟೆ. ದಾರಿಯಲ್ಲಿ 2017ರಲ್ಲಿ ತೆರೆದ ಹೊಸ ಸೇತುವೆ ದಾಟುವಾಗ ಅಪ್ಪನನ್ನು ಎಡಗಡೆ ಮುಂದಿನ ಸೀಟಿನಲ್ಲಿ ಕೂರಿಸಬೇಡಿ, ಹಿಂದೆ ಬಲಗಡೆ ಕೂರಿಸಿ. 1890ರ ಕೆಂಪು ರೈಲು ಸೇತುವೆ ಬಲಕ್ಕೇ ಕಾಣುವುದು. ಕಾರು ಬೇಡ ಅಂದರೆ ಲ್ಯೂಕಾರ್ಸ್ ತನಕ ರೈಲು, ಅಲ್ಲಿಂದ ಸೇಂಟ್ ಆಂಡ್ರೂಸ್‌ಗೆ ಬಸ್ಸು, ಮತ್ತೆ ಅಲ್ಲಿಂದ ಈ ಊರುಗಳಿಗೆ ಇನ್ನೊಂದು ಬಸ್ಸು. ಲಗೇಜ್ ಇದ್ದಾಗ ಕಾರೇ ವಾಸಿ. ನಮ್ಮ ಲೈಸೆನ್ಸ್ ಇಲ್ಲಿ 12 ತಿಂಗಳು ನಡೆಯುತ್ತದೆ, ಗಾಡಿ ಓಡಿಸುವುದೂ ಎಡಕ್ಕೇ.

ಮೇ ತಿಂಗಳು ನೀವು ಆರಿಸಿದ್ದು ಒಳ್ಳೆಯದಾಯಿತು. ಇಲ್ಲಿಯ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುವುದು ಜೂನ್ ಕೊನೆಗೆ. ಆಮೇಲೆ ಬಾಡಿಗೆ ಏರುತ್ತದೆ, ಮನೆಯೂ ಸಿಗುವುದಿಲ್ಲ. ಮೇ ಕೊನೆಯ ಸೋಮವಾರ ಇಲ್ಲಿ ಸರ್ಕಾರಿ ರಜೆ, ಆ ವಾರ ಮಾತ್ರ ಬಿಟ್ಟುಬಿಡಿ. ಮೊದಲು ವೀಸಾ ನೋಡಿಕೊಳ್ಳಿ. ಹೊರಡುವ ದಿನಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ವೀಸಾ ಕೈಗೆ ಬರುವ ಮೊದಲೇ ಮನೆ ಹಿಡಿಯುವುದಾದರೆ ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವಂಥದ್ದನ್ನೇ ಹಿಡಿಯಿರಿ.

ಈಗ ಮನೆಯ ವಿಷಯ. ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ನಾವು ಎಡವಿದ್ದು ಇಲ್ಲೇ. ಮೊದಲ ಸಲ ಫೋಟೋ ನೋಡಿ ಮನೆ ಹಿಡಿದೆವು. ಬಿಳಿ ಗೋಡೆ, ಕೆಂಪು ಹೆಂಚು, ಕಿಟಕಿಯಲ್ಲಿ ಸಮುದ್ರ. ಹೋಗಿ ನೋಡಿದರೆ ಮಲಗುವ ಕೋಣೆ, ಬಚ್ಚಲು ಎರಡೂ ಮಹಡಿ ಮೇಲೆ. ಹತ್ತುವ ಮೆಟ್ಟಿಲು ನಮ್ಮ ಹಳೇ ಮನೆಗಳ ಅಟ್ಟದ ಏಣಿಯಷ್ಟು ಕಡಿದು. ಅಮ್ಮ ಆ ವಾರವೆಲ್ಲ ಹಿಂದುಮುಂದಾಗಿ, ಎರಡೂ ಕೈಯಲ್ಲಿ ಮೆಟ್ಟಿಲು ಹಿಡಿದುಕೊಂಡು ಇಳಿಯುತ್ತಿದ್ದರು. ಅದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು. ಮನೆ ಮಾಲೀಕರು ಮೋಸ ಮಾಡಲಿಲ್ಲ, ನಾವು ಕೇಳಲಿಲ್ಲ. ಇವು ಹಳೇ ಕಾಲದ ಮೀನುಗಾರರ ಮನೆಗಳು. ಕೆಲವಕ್ಕೆ ಮೆಟ್ಟಿಲು ಹೊರಗಡೆ ಬೀದಿಗೇ ಇರುತ್ತದೆ. ಬಾಗಿಲು ಗಿಡ್ಡ, ಓಣಿ ಕಿರಿದು, ಕಾರು ಬಾಗಿಲ ತನಕ ಬರುವುದಿಲ್ಲ.

ಹಾಗಾಗಿ ದುಡ್ಡು ಕಟ್ಟುವ ಮೊದಲು ಬರೆದು ಕೇಳಿ: ನೆಲ ಅಂತಸ್ತಿನಲ್ಲೇ ಒಂದು ಮಲಗುವ ಕೋಣೆ, ಒಂದು ಬಚ್ಚಲು ಇದೆಯಾ? ಶವರ್ ನೆಲಕ್ಕೇ ಇದೆಯಾ, ಇಲ್ಲ ಟಬ್ಬಿನೊಳಗೆ ಕಾಲು ಎತ್ತಿಟ್ಟು ಇಳಿಯಬೇಕಾ? ಕಾರು ನಿಲ್ಲಿಸುವ ಜಾಗ ಎಷ್ಟು ದೂರ? ಹೀಟಿಂಗ್ ಖರ್ಚು ಬಾಡಿಗೆಯಲ್ಲೇ ಸೇರಿದೆಯಾ? ಮೇ ತಿಂಗಳಲ್ಲೂ ರಾತ್ರಿ ಚಳಿ ಇರುತ್ತದೆ, ಕಲ್ಲಿನ ಗೋಡೆ ಬೆಚ್ಚಗಾಗಲು ಹೊತ್ತು ಬೇಕು. ಇನ್ನೊಂದು: ಸ್ಕಾಟ್ಲೆಂಡಿನಲ್ಲಿ ಹೀಗೆ ರಜೆಗೆ ಬಾಡಿಗೆಗೆ ಕೊಡುವ ಮನೆಗೆ ಲೈಸೆನ್ಸ್ ಇರಲೇಬೇಕು. ಜಾಹೀರಾತಿನಲ್ಲಿ ಆ ನಂಬರ್ ಹಾಕಿರಬೇಕು. ನಂಬರ್ ಇಲ್ಲದ ಮನೆ ಎಷ್ಟೇ ಚೆಂದ ಇದ್ದರೂ ಬೇಡ. ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ, ಒಳಗೆ ಬಿಡುವುದು ಸಂಜೆ ನಾಲ್ಕರ ಹೊತ್ತಿಗೆ. ವಿಮಾನದ ಟಿಕೆಟ್ ಅದಕ್ಕೆ ಹೊಂದಿಸಿಕೊಳ್ಳಿ.

ಅಡುಗೆಯನ್ನು ಕಾಟೇಜಿನಲ್ಲೇ ಮಾಡಿಕೊಳ್ಳಿ, ಅಪ್ಪ-ಅಮ್ಮನಿಗೆ ಅದೇ ನೆಮ್ಮದಿ. ಹಲವು ಕಾಟೇಜ್‌ಗಳಲ್ಲಿ ಇಂಡಕ್ಷನ್ ಒಲೆ ಇರುತ್ತದೆ. ನಿಮ್ಮ ಕುಕ್ಕರ್ ತಳಕ್ಕೆ ಆಯಸ್ಕಾಂತ ಅಂಟುತ್ತದಾ ಅಂತ ಮೈಸೂರಿನಲ್ಲೇ ನೋಡಿಕೊಂಡು ತನ್ನಿ. ಸಾರಿನ ಪುಡಿ, ಹುಳಿ ಪುಡಿ, ಅವಲಕ್ಕಿ ತರಬಹುದು. ತುಪ್ಪ, ಪೇಡ, ಖೋವಾ ಬೇಡ, ಭಾರತದಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ. ಅಕ್ಕಿ, ಬೇಳೆ, ಕರಿಬೇವು ಎಡಿನ್‌ಬರಾದಲ್ಲೇ ತಗೊಂಡು ಹೊರಡಿ. ಒಗ್ಗರಣೆ ಹಾಕುವಾಗ ಮಾತ್ರ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ. 2022ರಿಂದ ಇಲ್ಲಿ ಎಲ್ಲಾ ಮನೆಗಳಲ್ಲೂ ಹೊಗೆಯ ಅಲಾರಂಗಳು ಒಂದಕ್ಕೊಂದು ಜೋಡಿಸಿರಬೇಕು ಅಂತ ನಿಯಮ. ಒಣಮೆಣಸಿನಕಾಯಿ ಘಾಟು ಹಜಾರಕ್ಕೆ ಹೋದರೆ ಇಡೀ ಮನೆಯ ಅಲಾರಂ ಒಟ್ಟಿಗೆ ಕೂಗುತ್ತದೆ. ನಮ್ಮಲ್ಲಿ ಹಾಗಾದಾಗ ಮಲಗಿದ್ದ ಅಪ್ಪ ಗಾಬರಿಯಾಗಿ ಎದ್ದು ಬಂದರು.

ಹೊರಗೆ ತಿನ್ನುವಾಗ ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿ ಎಷ್ಟೋ ಮೀನಿನ ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಬೇಳೆ ಸೂಪಿನಲ್ಲೂ ಹಂದಿ ಮಾಂಸ ಬೇಯಿಸಿದ ನೀರು ಇರಬಹುದು. ಕೇಳಿದರೆ ನೇರವಾಗಿ ಹೇಳುತ್ತಾರೆ, ಸಂಕೋಚ ಬೇಡ.

ಹವಾಮಾನ ದಿನಕ್ಕೆ ಮೂರು ಸಲ ಬದಲಾಗುತ್ತದೆ. ಈ ಪೂರ್ವ ಕರಾವಳಿಗೆ ಹಾರ್ ಅಂತ ಒಂದು ಕಡಲ ಮಂಜು ಬರುತ್ತದೆ. ಬೆಚ್ಚಗಿನ ಗಾಳಿ ತಣ್ಣನೆಯ ಸಮುದ್ರದ ಮೇಲೆ ಹಾದಾಗ ಆಗುವಂಥದ್ದು. ಬೆಳಗ್ಗೆ ಎದ್ದರೆ ಎದುರಿನ ದೋಣಿಯೂ ಕಾಣುವುದಿಲ್ಲ. ಬೇಜಾರಾಗಬೇಡಿ, ಕಾರು ಹತ್ತಿ ಕೆಲವು ಮೈಲಿ ಒಳಗೆ ಹೋಗಿ. ಎಷ್ಟೋ ಸಲ ಅಲ್ಲಿ ಹೊಳೆಯುವ ಬಿಸಿಲು ಇರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಕಾಡುವ ಮಿಡ್ಜ್ ಎಂಬ ಕಚ್ಚುವ ನೊರಜು ಈ ಕಡೆ ಬಹಳ ಕಡಿಮೆ, ಅದೂ ಒಂದು ಅನುಕೂಲ.

ಹೋದ ದಿನವೇ ಭರತ-ಇಳಿತದ ವೇಳಾಪಟ್ಟಿ ನೋಡಿಕೊಳ್ಳಿ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಈಲಿಯ ಪಕ್ಕ ಬಂಡೆಗೆ ಸರಪಳಿ ಹಾಕಿರುವ ದಾರಿ ಒಂದಿದೆ, ನೀರು ಏರಿದಾಗ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ನೀವು ಆ ಕಡೆ ಹೋಗಬೇಡಿ. ಅದೇ ಈಲಿಯಲ್ಲಿ ನೀರು ಇಳಿದಾಗ ಒದ್ದೆ ಮರಳಿನ ಮೇಲೆ ಕ್ರಿಕೆಟ್ ಆಡುತ್ತಾರೆ. ಶಿಪ್ ಇನ್ ಅನ್ನುವ ಪಬ್ಬಿನ ತಂಡ ಅದು, ಪಂದ್ಯದ ಹೊತ್ತನ್ನು ಸಮುದ್ರವೇ ತೀರ್ಮಾನಿಸುತ್ತದೆ. ನಿಮ್ಮ ವಾರದಲ್ಲಿ ಪಂದ್ಯ ಇದ್ದರೆ ಅಪ್ಪನನ್ನು ಖಂಡಿತ ಕರೆದುಕೊಂಡು ಹೋಗಿ.

ಸೇಂಟ್ ಮೊನನ್ಸ್‌ನಲ್ಲಿ ಕಡಲ ದಂಡೆಯ ಕಾಲುದಾರಿಯಲ್ಲಿ ಒಂದು ಗಾಳಿಯಂತ್ರದ ಗೋಪುರ ಇದೆ. 18ನೇ ಶತಮಾನದ ಕೊನೆಯಲ್ಲಿ ಅದರಿಂದ ಸಮುದ್ರದ ನೀರು ಮೇಲೆತ್ತಿ, ಕಲ್ಲಿದ್ದಲಿನ ಬೆಂಕಿಯಲ್ಲಿ ಕುದಿಸಿ ಉಪ್ಪು ಮಾಡುತ್ತಿದ್ದರು. ನನ್ನ ಊರು ಕುಮಟಾ ಕಡೆ. ಸಾಣಿಕಟ್ಟದ ಗದ್ದೆಗಳಲ್ಲಿ ಬಿಸಿಲೇ ಉಪ್ಪು ಮಾಡುವುದನ್ನು ನೋಡಿ ಬೆಳೆದವರು ನನ್ನ ಅಪ್ಪ. ಆ ಗೋಪುರದ ಬುಡದಲ್ಲಿ ನಿಂತು, "ಇಲ್ಲಿ ಬಿಸಿಲಿಗೂ ಸೌದೆ ಹಾಕಬೇಕಿತ್ತು, ಅಲ್ವಾ" ಅಂದರು. ಒಂದು ಗಂಟೆ ಅಲ್ಲಿಂದ ಕದಲಲಿಲ್ಲ.

ಮಗಳಿಗೆ ಐಲ್ ಆಫ್ ಮೇ ಅನ್ನುವ ದ್ವೀಪ ತೋರಿಸಿ. ಆನ್‌ಸ್ಟ್ರದರ್ ಬಂದರಿನಿಂದ ದೋಣಿ ಹೊರಡುತ್ತದೆ. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿ ನೆಲದ ಬಿಲಗಳಲ್ಲಿ ಗೂಡು ಮಾಡಿಕೊಂಡು ಇರುತ್ತವೆ. ಸ್ಕಾಟ್ಲೆಂಡಿನ ಮೊದಲ ದೀಪಸ್ತಂಭ ಕಟ್ಟಿದ್ದೂ ಅಲ್ಲೇ, 1636ರಲ್ಲಿ. ಮೇಲೆ ಕಲ್ಲಿದ್ದಲು ಉರಿಸುತ್ತಿದ್ದರು, ಗೋಪುರದ ಕೆಳಭಾಗ ಈಗಲೂ ನಿಂತಿದೆ. ದೋಣಿ ಇಳಿದ ಮೇಲೆ ಏರು ಹತ್ತಬೇಕು, ಅಮ್ಮ ಬಂದರಿನಲ್ಲೇ ಅಪ್ಪನ ಜೊತೆ ಮೀನುಗಾರಿಕೆ ಮ್ಯೂಸಿಯಂ ನೋಡಲಿ. ಟಿಕೆಟ್ಟನ್ನು ವಾರದ ಕೊನೆಗೆ ಇಟ್ಟುಕೊಳ್ಳಬೇಡಿ, ಭಾನುವಾರಕ್ಕೋ ಸೋಮವಾರಕ್ಕೋ ಮಾಡಿಸಿ. ಗಾಳಿ ಜಾಸ್ತಿಯಾದರೆ ದೋಣಿ ಬಿಡುವುದಿಲ್ಲ, ಆಗ ಬೇರೆ ದಿನಕ್ಕೆ ಬದಲಾಯಿಸಿಕೊಳ್ಳಲು ಕೈಯಲ್ಲಿ ನಾಲ್ಕು ದಿನ ಇರುತ್ತದೆ.