ಸುದ್ದಿ ಬರೆಯಲು ಬರುತ್ತಿತ್ತು, ದೇವರ ಮಾತು ಬರುತ್ತಿರಲಿಲ್ಲ

ಡಿಸೆಂಬರ್ ಹತ್ತಿರವಾದಂತೆ ಆಪ್ತಸಲಹೆಗೆ ಬರುವ ಕ್ರೈಸ್ತ ಸಭಾಪಾಲಕರ (ಪಾಸ್ಟರ್‌ಗಳ) ಬಾಯಲ್ಲಿ ಮತ್ತೆ ಮತ್ತೆ ಕೇಳುವ ಮಾತು: "ನನ್ನ ನಂಬಿಕೆ ಹೋಗಿಬಿಟ್ಟಿದೆ, ಕೆಲಸ ಬಿಡುತ್ತೇನೆ." ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ನಡುವಯಸ್ಸಿನ ಪಾಲಕರು. ಚಿಕ್ಕ ಸಭೆ, ಸಹಾಯಕ್ಕೆ ಇನ್ನೊಬ್ಬರಿಲ್ಲ. ಕ್ರಿಸ್‌ಮಸ್‌ಗೆ ಸಿದ್ಧರಾಗುವ ಆಗಮನ ಕಾಲದ ನಾಲ್ಕು ಭಾನುವಾರಗಳು, ಗೀತೆಗಳ ಸಂಜೆ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಕ್ರಿಸ್‌ಮಸ್ ಬೆಳಗು, ವರ್ಷದ ಕೊನೆಯ ರಾತ್ರಿಯ ಆರಾಧನೆ, ಎಲ್ಲಕ್ಕೂ ಪ್ರಸಂಗ (ಧರ್ಮೋಪದೇಶ) ಅವರದೇ. ನಡುವೆ ವೃದ್ಧರ ಕಾಯಿಲೆ, ಅಂತ್ಯಕ್ರಿಯೆ. ಇವುಗಳ ಮೇಲೆ ಸಭೆಯ ಚಳಿಗಾಲದ ಪತ್ರಿಕೆ ಬೇರೆ: ಒಂದು ಪುಟ ಸುದ್ದಿ, ಒಂದು ಪುಟ 'ಪಾಲಕರ ಮಾತು'. ರಾಜೀನಾಮೆ ಪತ್ರ ಆಗಲೇ ಬರೆದಿಟ್ಟಿದ್ದರು.

ಅವರ ನಂಬಿಕೆಯ ಬಗ್ಗೆ ನಾನು ಮೊದಲು ಏನನ್ನೂ ಕೇಳಲಿಲ್ಲ. ನಿದ್ದೆ ಕೇಳಿದೆ. ಮಲಗುವುದು ತಡ, ಬೆಳಗಿನ ಜಾವ ಮೂರೂವರೆಗೆ ಎಚ್ಚರ, ಆಮೇಲೆ ಕಣ್ಣು ಮುಚ್ಚುವುದಿಲ್ಲ. ಹಾಗೆ ಬೇಗ ಎಚ್ಚರವಾಗುವುದು ಖಿನ್ನತೆಯ ಪರಿಚಿತ ಲಕ್ಷಣಗಳಲ್ಲಿ ಒಂದು. ಖಿನ್ನತೆ ಎಷ್ಟಿದೆ ಎಂದು ಅಳೆಯಲು ಕಳೆದ ಎರಡು ವಾರಗಳ ಬಗ್ಗೆ ಕೇಳುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸಿದೆ. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ ವೈದ್ಯರು ನೋಡಲೇಬೇಕು. ಅವರದು ದಾಟಿತ್ತು. ಸಾವಿನ ಯೋಚನೆ ಕೇಳುವ ಒಂಬತ್ತನೆಯ ಪ್ರಶ್ನೆಗೆ ಉತ್ತರ ಸೊನ್ನೆ. ಅದು ಸೊನ್ನೆಯಾಗಿರದಿದ್ದರೆ ಮುಂದಿನ ಮಾತೆಲ್ಲ ಅಲ್ಲಿಗೇ ನಿಲ್ಲುತ್ತಿತ್ತು, ಸುರಕ್ಷತೆಯ ಏರ್ಪಾಡೇ ಮೊದಲಾಗುತ್ತಿತ್ತು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಗೆ ವೈದ್ಯರ ಬಳಿ ಕಳಿಸಿದೆ. ಇವು ಕಡಿಮೆಯಾದರೂ ಮನಸ್ಸು ಮಂಕಾಗುತ್ತದೆ. ಪ್ರತಿ ಚಳಿಗಾಲವೂ ಹೀಗಾಗಿ ವಸಂತದಲ್ಲಿ ತಿಳಿಯಾಗುತ್ತದೆಯೇ ಎಂದೂ ಕೇಳಿದೆ. ಹಾಗಿದ್ದರೆ ಅದು ಋತುಮಾನದ ಖಿನ್ನತೆ, ಚಿಕಿತ್ಸೆ ಸ್ವಲ್ಪ ಬೇರೆಯಾಗಬಹುದು. ಇಲ್ಲ ಎಂದರು.

ತಿರುವು ಬಂದದ್ದು ಪತ್ರಿಕೆಯ ಕರಡಿನಿಂದ. ಓದಿ ಎಂದೆ. ಸುದ್ದಿ ಪುಟ ಸರಾಗವಾಗಿತ್ತು: ಕಂಬಳಿ ಸಂಗ್ರಹ ಯಾವ ದಿನ, ಗಾಯಕವೃಂದದ ಅಭ್ಯಾಸ ಎಷ್ಟು ಗಂಟೆಗೆ, ಸೋರುವ ಚಾವಣಿಯ ಕೆಲಸ ಎಲ್ಲಿಗೆ ಬಂತು, ಸೊಂಟ ಮುರಿದು ಮಲಗಿರುವ ಅಜ್ಜಿಯನ್ನು ನೋಡಲು ಯಾರು ಯಾವಾಗ ಹೋಗಬೇಕು. ಎರಡನೆಯ ಪುಟ ಖಾಲಿ.

"ಸುದ್ದಿ ಬರೆಯುವಾಗ ಕೈ ಓಡುತ್ತದೆ. ದೇವರ ವಿಷಯ ಬಂದ ಕೂಡಲೇ ನಾನು ಸುಳ್ಳುಗಾರ ಅನ್ನಿಸುತ್ತದೆ."

ಆ ಅಜ್ಜಿಗೆ ಪ್ರಭುಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ಕೊಂಡೊಯ್ಯುವವರು ಯಾರು ಎಂದು ಕೇಳಿದೆ.

"ನಾನೇ."

"ಅಲ್ಲೂ ಹಾಗನ್ನಿಸುತ್ತದೆಯೇ?"

ಬಹಳ ಹೊತ್ತು ಸುಮ್ಮನಿದ್ದರು. "ಇಲ್ಲ. ಅವರು ಕೈ ಚಾಚುತ್ತಾರೆ, ನಾನು ಕೊಡುತ್ತೇನೆ. ನಾನು ನಂಬುತ್ತೇನಾ ಅಂತ ಕೇಳಿಕೊಳ್ಳೋದಕ್ಕೆ ಅಲ್ಲಿ ಪುರುಸೊತ್ತೇ ಇರೋದಿಲ್ಲ."

ಇದನ್ನು ಅವರು ಸೋಲಿನಂತೆ ಹೇಳಿದರು. ನನಗೆ ಹಾಗೆ ಕೇಳಿಸಲಿಲ್ಲ. ಕೊಡುವವನು ಯೋಗ್ಯನೋ ಅಲ್ಲವೋ ಎಂಬುದರ ಮೇಲೆ ಪ್ರಭುಭೋಜನದಂಥ ಸಂಸ್ಕಾರದ ಫಲ ನಿಂತಿಲ್ಲ ಎಂದು ಬಿಷಪ್ ಆಗಸ್ಟೀನ್, ಅಯೋಗ್ಯರು ಕೊಟ್ಟ ಸಂಸ್ಕಾರ ಸಲ್ಲದು ಎನ್ನುತ್ತಿದ್ದ ಡೊನಾಟಿಸ್ಟರೊಡನೆ ವಾದಿಸಿದ್ದು ಉತ್ತರ ಆಫ್ರಿಕಾದಲ್ಲಿ, ಸಾವಿರದ ಆರುನೂರು ವರ್ಷಗಳ ಹಿಂದೆ. ಇಂಗ್ಲೆಂಡ್ ಸಭೆಯ ನಂಬಿಕೆಯ 39 ವಿಧಿಗಳಲ್ಲಿ 26ನೆಯದು ಹೇಳುವುದೂ ಅದನ್ನೇ. ಪಾಲಕರಿಗೆ ಇದೆಲ್ಲ ಗೊತ್ತು, ಇತರರಿಗೆ ಕಲಿಸಿಯೂ ಇದ್ದಾರೆ. ತಮ್ಮೊಬ್ಬರಿಗೆ ಮಾತ್ರ ಆ ರಿಯಾಯಿತಿ ಇಲ್ಲ ಎಂದುಕೊಂಡಿದ್ದರು.

ಕೊಟ್ಟ ಸಲಹೆ ಇಷ್ಟು. ಜನವರಿ ಮುಗಿಯುವವರೆಗೆ ರಾಜೀನಾಮೆ ಸಲ್ಲಿಸುವುದಿಲ್ಲ. ವಾರದಲ್ಲಿ ಒಂದು ಪೂರ್ತಿ ದಿನ ಫೋನ್ ಸಭೆಯ ಹಿರಿಯರೊಬ್ಬರ ಕೈಲಿ. ಶನಿವಾರ ರಾತ್ರಿ ಪ್ರಸಂಗ ಬರೆಯುವುದು ನಿಲ್ಲಬೇಕು. ಗುರುವಾರ ಮಧ್ಯಾಹ್ನದೊಳಗೆ ಮುಗಿಯದಿದ್ದರೆ ಹಳೆಯದನ್ನೇ ತಿದ್ದಿ ಹೇಳಬಹುದು. ಕ್ರಿಸ್‌ಮಸ್ ನಂತರದ ಭಾನುವಾರ ಬೇರೆ ಬೋಧಕರಿಗೆ. ಪತ್ರಿಕೆಯಲ್ಲಿ ಸುದ್ದಿಗೇ ಒಂದೂವರೆ ಪುಟ (ರೋಗಿಗಳ ಹೆಸರು, ಕಾಯಿಲೆ ಹಾಕುವ ಮುನ್ನ ಅವರ ಒಪ್ಪಿಗೆ ಬೇಕು, ಪ್ರಾರ್ಥನೆಯ ಹೆಸರಿನಲ್ಲಿ ಇದು ಎಷ್ಟು ಸಭೆಗಳಲ್ಲಿ ತಪ್ಪುತ್ತದೋ!). ಉಳಿದರ್ಧ ಪುಟದಲ್ಲಿ ತಮಗೆ ಅನ್ನಿಸದ ಆನಂದವನ್ನು ಬರೆಯಬಾರದು. ಬೈಬಲಿನ 88ನೆಯ ಕೀರ್ತನೆಯನ್ನು ಇಡಿಯಾಗಿ ಹಾಕಿ, ಈ ವರ್ಷ ಮನೆಯವರನ್ನು ಕಳೆದುಕೊಂಡವರಿಗಾಗಿ ಎಂದು ಒಂದು ಸಾಲು. ಆ ಕೀರ್ತನೆ ಸಮಾಧಾನಕ್ಕೆ ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ.

ಸಂಶಯವನ್ನು ಸಭೆಯ ಮುಂದೆ ಬಿಚ್ಚಿಡುವುದೇ ಪ್ರಾಮಾಣಿಕತೆ ಎನ್ನುವ ಸಲಹೆಗಾರರಿದ್ದಾರೆ. ನಾನು ಒಪ್ಪುವುದಿಲ್ಲ. ನಿದ್ದೆಗೆಟ್ಟ ಮನುಷ್ಯ ಪ್ರಸಂಗಪೀಠದಿಂದ ಹೇಳಿದ್ದನ್ನು ಹಿಂತೆಗೆದುಕೊಳ್ಳಲಾಗದು. ಅವನನ್ನು ಸಂತೈಸುವ ಹೊರೆ ಆ ತಿಂಗಳಲ್ಲೇ ಶೋಕದಲ್ಲಿರುವವರ ಮೇಲೆ ಬೀಳುತ್ತದೆ. ಮುಚ್ಚಿಡಿ ಎಂದೂ ನಾನು ಹೇಳಿಲ್ಲ. ಹೆಂಡತಿಗೆ ಮತ್ತು ಮೇಲ್ವಿಚಾರಕರಿಗೆ, ಈ ಇಬ್ಬರಿಗೆ, ಪೂರ್ತಿ ಹೇಳಬೇಕು ಎಂದೆ. ಮೇಲ್ವಿಚಾರಕರಿಗೆ ಹೇಳಲು ಹಿಂಜರಿದರು; ಅಲ್ಲಿ ನಾನು ಪಟ್ಟು ಬಿಡಲಿಲ್ಲ.

ಇದೆಲ್ಲ ದೇಹದ ಲೆಕ್ಕ, ಆತ್ಮದ ಮಾತೆಲ್ಲಿ ಎಂದು ಅವರೇ ಕೇಳಿದರು. ಬೈಬಲಿನ ಅರಸುಗಳ ಮೊದಲ ಪುಸ್ತಕದ 19ನೆಯ ಅಧ್ಯಾಯ ನೆನಪಿಸಿದೆ. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳನ್ನು ಗೆದ್ದ ಬೆನ್ನಲ್ಲೇ ಪ್ರವಾದಿ ಎಲೀಯ ಸಾವು ಬೇಡುತ್ತಾನೆ. ದೇವದೂತ ಬೋಧಿಸುವುದಿಲ್ಲ, ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. 'ಇಲ್ಲೇನು ಮಾಡುತ್ತೀ' ಎಂಬ ದೇವರ ಪ್ರಶ್ನೆ ಬರುವುದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಆ ಕ್ರಮವನ್ನೇ ನಾನು ಅನುಸರಿಸುವುದು.

ರಕ್ತಪರೀಕ್ಷೆಯಲ್ಲಿ ದೋಷವಿರಲಿಲ್ಲ. ವೈದ್ಯರ ಚಿಕಿತ್ಸೆ ಶುರುವಾಗಿದೆ, ನಿದ್ದೆ ಆರು ಗಂಟೆಗೆ ಬಂದಿದೆ. ಪ್ರಾರ್ಥನೆ ಇನ್ನೂ ಒಣಗಿಯೇ ಇದೆ ಎನ್ನುತ್ತಾರೆ. ದಣಿವು ಇಳಿದ ಮೇಲೂ ಹಾಗೇ ಇದ್ದರೆ ಅದು ನಂಬಿಕೆಯದೇ ಪ್ರಶ್ನೆ, ಆಗ ಕೆಲಸ ಬಿಡುವುದೂ ಸರಿಯಾದ ಉತ್ತರವಾಗಬಹುದು. ಅವರನ್ನು ಸಭೆಯಲ್ಲಿ ಉಳಿಸಿಕೊಡುವ ಗುತ್ತಿಗೆ ನನ್ನದಲ್ಲ. ಆ ಮಾತುಕತೆಗೆ ಫೆಬ್ರವರಿಯಲ್ಲಿ ಒಬ್ಬ ಹಿರಿಯ ಆತ್ಮಿಕ ಮಾರ್ಗದರ್ಶಕರೊಡನೆ ಕೂರಲು ಒಪ್ಪಿದ್ದಾರೆ.