ಮಂಡಿ ನೋವು ಅಂತ ಸೈಕಲ್ ಬಿಡ್ಲಾ?

ಪ್ರಶ್ನೆ: ನಂಗೆ 48, ಮೈಸೂರು. ಕಾಲೇಜು ಮುಗಿದ್ಮೇಲೆ ಸೈಕಲ್ ಮುಟ್ಟಿರ್ಲಿಲ್ಲ, ಈಗ ರೋಡ್ ಬೈಕ್ (ತೆಳು ಟೈರಿನ ಗೇರ್ ಸೈಕಲ್) ತಗೊಂಡೆ. ಎರಡೇ ವಾರಕ್ಕೆ ಮಂಡಿ ಮುಂದೆ ನೋವು. ವಯಸ್ಸಾಯ್ತು ಅಂತ ಬಿಟ್ಬಿಡ್ಲಾ ಸಾರ್?

ಉತ್ತರ: ದಯವಿಟ್ಟು ಬಿಡ್ಬೇಡಿ. ಮೊದ್ಲು ಸೀಟ್ ನೋಡಿ, ಕಾಲು ನೆಲಕ್ಕೆ ಸಿಗ್ಲಿ ಅಂತ ತಗ್ಗಿಸ್ಕೊಂಡಿರ್ತೀವಿ, ಮಂಡಿ ಮುಂಭಾಗ ನೋಯೋಕೆ ಬಹಳ ಸಲ ಅದೇ ಕಾರಣ. ಗೋಡೆ ಹಿಡ್ಕೊಂಡು ಸೀಟ್ ಮೇಲೆ ಕೂತು ಹಿಮ್ಮಡಿನ ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಗೊಂಡ್ಹೋಗಿ, ಆಗ ಕಾಲು ನೆಟ್ಟಗಾಗ್ಬೇಕು, ಓಡಿಸುವಾಗ ಪಾದದ ಮುಂಭಾಗ ಇಟ್ರೆ ಮಂಡಿ ಸ್ವಲ್ಪ ಬಾಗಿರುತ್ತೆ, ಅಷ್ಟೇ ಬೇಕಾಗಿರೋದು. ಭಾರದ ಗೇರಲ್ಲಿ ತುಳೀಬೇಡಿ, ಹಗುರ ಗೇರಲ್ಲಿ ಪೆಡಲ್ ನಿಮಿಷಕ್ಕೆ 80 ಸುತ್ತು ಬರ್ಲಿ. ಚಾಮುಂಡಿ ಬೆಟ್ಟ ಈಗ್ಲೇ ಬೇಡ, ಒಂದೆರಡು ತಿಂಗಳು ಸಮತಟ್ಟು ರಸ್ತೇಲೇ ಓಡಿಸಿ. ಊತ ಬಂದ್ರೆ ಮಾತ್ರ ತಡ ಮಾಡ್ದೆ ಮೂಳೆ ಡಾಕ್ಟರಿಗೆ ತೋರ್ಸಿ.